ಡಾಡ್ಜರ್ಸ್: ಡಿಯಾಸ್ ಬಂದ, ಸರಿ. ಬುಲ್‌ಪೆನ್‌ಗೆ ಆಳ ಬಂತಾ?

ನೀಲಿ ಟೋಪಿ (ಅರ್ವೈನ್)

ನಮ್ಮ ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ತಂಡ ಡಾಡ್ಜರ್ಸ್ ಬ್ಯಾಟರ್ ಕೈಲ್ ಟಕರ್‌ಗೆ 4 ವರ್ಷಕ್ಕೆ 24 ಕೋಟಿ ಡಾಲರ್ ಅಂದ ಮೇಲೆ ಎಲ್ಲರ ಬಾಯಲ್ಲೂ ಅದೇ. ಅದನ್ನು ಇನ್ನೊಂದು ಕಡೆ ಬಡಿದಾಡಿಕೊಳ್ಳೋಣ. ನನ್ನ ತಲೆಯಲ್ಲಿರುವುದು 2025ರ ಡಿಸೆಂಬರ್‌ನಲ್ಲಿ ಬಂದ ಕ್ಲೋಸರ್ (ಕೊನೆಯ ಇನ್ನಿಂಗ್ಸ್ ಮುಗಿಸುವ ಪಿಚ್ಚರ್) ಎಡ್ವಿನ್ ಡಿಯಾಸ್. 3 ವರ್ಷ, 6.9 ಕೋಟಿ ಡಾಲರ್. ವರ್ಷಕ್ಕೆ 2.3 ಕೋಟಿ. ರಿಲೀವರ್ (ಆಟ ಶುರು ಮಾಡುವ ಸ್ಟಾರ್ಟರ್ ಆದ ಮೇಲೆ ಬರುವ ಪಿಚ್ಚರ್, ಅವರ ಗುಂಪೇ ಬುಲ್‌ಪೆನ್) ಒಬ್ಬನಿಗೆ ವರ್ಷದ ಲೆಕ್ಕದಲ್ಲಿ ಇಷ್ಟು ದುಡ್ಡು ಯಾರೂ ಕೊಟ್ಟಿರಲಿಲ್ಲ.

2025ರ ಜನವರಿಯಲ್ಲಿ ನಾವು ಹೇಗೆ ಕುಣಿದಿದ್ದೆವು ನೆನಪಿಸಿಕೊಳ್ಳಿ. ಟ್ಯಾನರ್ ಸ್ಕಾಟ್‌ಗೆ 4 ವರ್ಷ, 7.2 ಕೋಟಿ. ಕರ್ಬಿ ಯೇಟ್ಸ್‌ಗೆ ಒಂದು ವರ್ಷಕ್ಕೆ 1.3 ಕೋಟಿ. ಅದಕ್ಕೂ ಮುಂಚೆ ಬ್ಲೇಕ್ ಟ್ರೈನನ್‌ಗೆ 2 ವರ್ಷ, 2.2 ಕೋಟಿ. 2024ರಲ್ಲಿ ಸ್ಕಾಟ್‌ನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್‌ಗಳ ಸರಾಸರಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 1.75, ಯೇಟ್ಸ್‌ದು 1.17. ಕಾಗದದ ಮೇಲೆ ಅಂಥ ಬುಲ್‌ಪೆನ್ ಇನ್ನೊಂದಿರಲಿಲ್ಲ. 2025 ಮುಗಿಯುವಾಗ ಸ್ಕಾಟ್ 4.74, ಯೇಟ್ಸ್ 5.23, ಟ್ರೈನನ್ 5.40. ಸ್ಕಾಟ್ ಕೈಯಲ್ಲಿ ಹಾಳಾದ ಸೇವ್‌ಗಳೇ (ಮುನ್ನಡೆ ಕಾಪಾಡಿ ಆಟ ಮುಗಿಸುವ ಅವಕಾಶಗಳು) 10.

ಆದರೂ ವರ್ಲ್ಡ್ ಸೀರೀಸ್ ಕಪ್ ಬಂತು. ಹೇಗೆ ಬಂತು? ಟೊರಾಂಟೊದಲ್ಲಿ ನಿರ್ಣಾಯಕ ಗೇಮ್ 7ಕ್ಕೆ ಪಿಚ್ ಮಾಡಿದವರು ಓಟಾನಿ, ರೊಬ್ಲೆಸ್ಕಿ, ಗ್ಲಾಸ್‌ನೌ, ಶೀಹನ್, ಸ್ನೆಲ್, ಯಮಾಮೊಟೊ. ರೊಬ್ಲೆಸ್ಕಿ ಬಿಟ್ಟು ಉಳಿದವರೆಲ್ಲ ಸ್ಟಾರ್ಟರ್‌ಗಳೇ. ವರ್ಷವಿಡೀ ಬುಲ್‌ಪೆನ್‌ನಲ್ಲೇ ಕೂತಿದ್ದವರ ಪೈಕಿ ಒಬ್ಬನನ್ನೂ ಮ್ಯಾನೇಜರ್ ಡೇವ್ ರಾಬರ್ಟ್ಸ್ ಕರೆಯಲಿಲ್ಲ, 11 ಇನ್ನಿಂಗ್ಸ್ ಆಟದಲ್ಲಿ! ಹಾಗಾಗಿ ಕೇಳುತ್ತಿದ್ದೇನೆ. ಇನ್ನೊಬ್ಬ ದೊಡ್ಡ ಹೆಸರಿನವನನ್ನು ತಂದರೆ ಬುಲ್‌ಪೆನ್‌ಗೆ ಆಳ ಬಂದಂತೆಯಾ? ನನ್ನ ಪ್ರಕಾರ ಇಲ್ಲ. ಡಿಯಾಸ್ ಒಂಬತ್ತನೇ ಇನ್ನಿಂಗ್ಸ್‌ನ ಚಿಂತೆ ತೆಗೆಯಬಹುದು. ಆರು, ಏಳು, ಎಂಟರ ಚಿಂತೆ ಇದ್ದಲ್ಲೇ ಇದೆ.

ಧಾರವಾಡದ ಲೆಫ್ಟಿ

ಆ ಹತ್ತರಾಗ ಒಂದನ್ನ ನಾ ಸಾಯೂ ತನಕ ಮರಿಯೂದಿಲ್ಲ ನೋಡ್ರಿ. ಸೆಪ್ಟೆಂಬರ್ 6, ಬಾಲ್ಟಿಮೋರ್. ಯಮಾಮೊಟೊ 8 ಇನ್ನಿಂಗ್ಸ್ ಮತ್ತ ಇಬ್ಬರನ್ನ ಔಟ್ ಮಾಡಿದ್ದ, ಒಂದ ಹಿಟ್ ಕೊಟ್ಟಿರಲಿಲ್ಲ. ಸ್ಕೋರ್ 3-0. ಇನ್ನೊಂದ ಔಟ್ ಆದ್ರ ನೋ-ಹಿಟ್ಟರ್. ಜ್ಯಾಕ್ಸನ್ ಹಾಲಿಡೇ ಹೋಮ್ ರನ್ ಹೊಡದ. ಹೋಗ್ಲಿ ಬಿಡ್ರಿ, ನೋ-ಹಿಟ್ಟರ್ ಹೋತು, ಮ್ಯಾಚ್ ಐತಲ್ಲ ಅಂತ ಕುಂತ್ವಿ. ಟ್ರೈನನ್ ಬಂದ. ಒಂದು ಡಬಲ್, ಒಬ್ಬನ ಮೈಗೆ ಬಾಲ್, ಒಂದು ವಾಕ್ (ಪುಕ್ಕಟೆ ಬೇಸ್), ಮತ್ತೊಂದು ವಾಕ್. ಬ್ಯಾಟ್ ಬೀಸದನ ಒಂದು ರನ್ ಕೊಟ್ಟ ಆಸಾಮಿ. ಆಮ್ಯಾಲ ಸ್ಕಾಟ್ ಬಂದ. ರಿವೇರಾ ಸಿಂಗಲ್ ಹೊಡದ, ಇಬ್ಬರು ಓಡಿ ಬಂದ್ರು, 4-3. ಒಂದ ಒಂದು ಔಟ್ ತಗೊಳ್ಳಾಕ ಇಬ್ಬರ ಕೈಲೂ ಆಗಲಿಲ್ಲ!

ಹಿಂದಿನ ರಾತ್ರಿನೂ ಅದ ಊರಾಗ, ಅದ ಸ್ಕಾಟ್, ಬಸಾಯೊ ಕೈಲೆ ಮ್ಯಾಚ್ ಮುಗಿಸೂ ವಾಕಾಫ್ ಹೋಮ್ ರನ್ ತಿಂದಿದ್ದ. ಅದಕ್ಕ ಡಿಯಾಸ್ ಬೇಕಿತ್ತು ಅಂತೀನಿ ನಾ. ಆಳ-ಗೀಳ ಎಲ್ಲಾ ಆಮ್ಯಾಲ. ಮೊದಲು ಕಡೀ ಮೂರು ಔಟ್ ತಗೊಳ್ಳೂ ಮನಶ್ಯಾ ಬೇಕ್ರಿ.

ಕ್ವೀನ್ಸ್ ಕನ್ನಡತಿ

ನಮ್ಮ ಮನೆ ಖಾಲಿ ಮಾಡಿಸಿ ನೀವು ಇಲ್ಲಿ ಆಳ ಅಗಲ ಅಳೀತಿದ್ದೀರಲ್ಲ, ಚೆನ್ನಾಗಿದೆ.

ಡಿಯಾಸ್‌ನ ಹಳೇ ತಂಡ ನ್ಯೂಯಾರ್ಕ್ ಮೆಟ್ಸ್‌ನ ಅಭಿಮಾನಿಯಾಗಿ ಹೇಳ್ತೀನಿ, ಅವನು ನಿಜವಾದ ಸರಕು. 2025ರಲ್ಲಿ 1.63 ಇಆರ್‌ಎ, 66 ಚಿಲ್ಲರೆ ಇನ್ನಿಂಗ್ಸ್‌ನಲ್ಲಿ 98 ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), 28 ಸೇವ್. 2022ರಲ್ಲಿ ಅವನು ಇನ್ನೂ ಭಯಂಕರ, 62 ಇನ್ನಿಂಗ್ಸ್‌ಗೆ 118 ಸ್ಟ್ರೈಕೌಟ್. ನಮ್ಮ ಮೈದಾನ ಸಿಟಿ ಫೀಲ್ಡ್‌ನಲ್ಲಿ ಅವನು ಬರುವಾಗಿನ ತುತ್ತೂರಿ ಶುರುವಾದರೆ ಎದುರಾಳಿ ಡಗೌಟ್‌ನವರು ಬ್ಯಾಗ್ ಕಟ್ಟೋಕೆ ಶುರು ಮಾಡ್ತಿದ್ದರು. ಆ ಚಂದ ಇನ್ಮೇಲೆ ನಿಮಗೆ.

ಆದರೆ ಪೂರ್ತಿ ಜಾತಕವನ್ನೂ ನೋಡಿಕೊಳ್ಳಿ. 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊ ರಿಕೊ ಗೆದ್ದ ಖುಷಿಗೆ ಕುಣಿಯುವಾಗ ಮಂಡಿ ಕಿತ್ತುಕೊಂಡು ಇಡೀ ಸೀಸನ್ ಹೋಯಿತು. 2024ರ ಜೂನ್‌ನಲ್ಲಿ ಅಂಪೈರ್ ಕೈ ಮುಟ್ಟಿ ನೋಡಿ ಅಂಟು ಜಾಸ್ತಿ ಅಂದರು, 10 ಪಂದ್ಯ ಹೊರಗೆ. 2026ರ ಮಾರ್ಚ್‌ನಲ್ಲಿ ಮತ್ತೆ ಕ್ಲಾಸಿಕ್, ಒಂದು ಗುಂಪಿನ ಪಂದ್ಯಗಳು ಸಾನ್ ಹ್ವಾನ್‌ನಲ್ಲೇ. ಅವನ ನಾಡು, ಅವನ ಜನ. ಕುಣಿಯಬೇಡ ಅಂತ ಯಾರಾದರೂ ಹೇಳಿ.

ನಮ್ಮವರು ಡೆವಿನ್ ವಿಲಿಯಮ್ಸ್, ಲೂಕ್ ವೀವರ್ ಇಬ್ಬರನ್ನೂ ಯಾಂಕೀಸ್ ಕಡೆಯಿಂದ ತಂದಿದ್ದಾರೆ, ಒಬ್ಬನಿಗೆ 5.1 ಕೋಟಿ, ಇನ್ನೊಬ್ಬನಿಗೆ 2.2 ಕೋಟಿ. ಎರಡೂ ಸೇರಿಸಿದರೆ ಡಿಯಾಸ್‌ಗಿಂತ ಜಾಸ್ತಿಯೇ ಆಯ್ತು. ಒಬ್ಬನ ಜಾಗಕ್ಕೆ ಇಬ್ಬರು. ಲೆಕ್ಕ ಸರಿ ಅನ್ನಿಸುತ್ತೆ, ಹೊಟ್ಟೆ ಮಾತ್ರ ಉರೀತಿದೆ.

ಸ್ಕೋರ್‌ಬುಕ್

ದುಡ್ಡಿನ ಲೆಕ್ಕ ಯಾರೂ ಪೂರ್ತಿ ಹೇಳಲಿಲ್ಲ, ಹೇಳಿಬಿಡುತ್ತೇನೆ. ಬೇಸ್‌ಬಾಲ್‌ನಲ್ಲಿ ಐಪಿಎಲ್‌ನ ಹಾಗೆ ಇಷ್ಟೇ ಪರ್ಸ್ ಅಂತ ಗೆರೆ ಇಲ್ಲ. ಇರುವುದು ಲಕ್ಷುರಿ ಟ್ಯಾಕ್ಸ್, ಸಂಬಳದ ಮೊತ್ತ ಮಿತಿ ದಾಟಿದರೆ ಕಟ್ಟುವ ತೆರಿಗೆ. 2026ಕ್ಕೆ ಮೊದಲ ಮಿತಿ 24.4 ಕೋಟಿ ಡಾಲರ್, ಕೊನೆಯದು 30.4 ಕೋಟಿ. ಡಾಡ್ಜರ್ಸ್ ಕೊನೆಯ ಮಿತಿಯನ್ನೂ ದಾಟಿ ಆಚೆ ಇದ್ದಾರೆ, ಅದೂ ವರ್ಷಗಟ್ಟಲೆಯಿಂದ. ಸತತ ಮೂರನೇ ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮಿತಿ ಮೀರಿದವರಿಗೆ ಆ ಮಟ್ಟದಲ್ಲಿ ತೆರಿಗೆ ನೂರಕ್ಕೆ 110. ಅಂದರೆ ಡಿಯಾಸ್‌ನ 2.3 ಕೋಟಿಗೆ ಮೇಲೆ ಸುಮಾರು 2.5 ಕೋಟಿ ತೆರಿಗೆ. ಒಟ್ಟು ವರ್ಷಕ್ಕೆ 4.8 ಕೋಟಿಯ ಆಸುಪಾಸು. ಸಂಬಳದ ಒಂದು ಭಾಗ ಮುಂದೂಡಿರುವುದರಿಂದ ತುಸು ಇಳಿಯುತ್ತದೆ, ಅಷ್ಟೇ. 60-65 ಇನ್ನಿಂಗ್ಸ್ ಪಿಚ್ ಮಾಡುವವನಿಗೆ ಇದು.

2025ಕ್ಕೆ ಡಾಡ್ಜರ್ಸ್ ಕಟ್ಟಿದ ತೆರಿಗೆಯೇ ಸುಮಾರು 16.9 ಕೋಟಿ ಡಾಲರ್. ಎಷ್ಟೋ ತಂಡಗಳ ಇಡೀ ಸಂಬಳದ ಪಟ್ಟಿ ಅಷ್ಟಾಗುವುದಿಲ್ಲ.

ಸಾಲದ್ದಕ್ಕೆ, ಮೆಟ್ಸ್ ಕೊಟ್ಟ 2.2 ಕೋಟಿಯ ಕ್ವಾಲಿಫೈಯಿಂಗ್ ಆಫರ್ (ಹಳೆಯ ತಂಡ ಕೊಡುವ ಒಂದು ವರ್ಷದ ಒಪ್ಪಂದ; ಬೇಡ ಅಂದವನನ್ನು ಕೊಂಡ ತಂಡಕ್ಕೆ ದಂಡ) ಬೇಡ ಅಂದು ಬಂದವನು ಡಿಯಾಸ್. ಅವನಿಗಾಗಿ ಡ್ರಾಫ್ಟ್‌ನ (ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸುವುದು) ಎರಡು ಆಯ್ಕೆಗಳನ್ನು ಕಳೆದುಕೊಂಡರು, ವಿದೇಶಿ ಹುಡುಗರಿಗೆ ಇಟ್ಟ ನಿಧಿಯಲ್ಲಿ 10 ಲಕ್ಷ ಡಾಲರ್ ಹೋಯಿತು. ಟಕರ್‌ಗೂ ಹಾಗೆಯೇ ದಂಡ ತೆತ್ತಿದ್ದಾರೆ.

ರಿಲೀವರ್‌ಗಳ ದೊಡ್ಡ ಒಪ್ಪಂದಗಳ ಚರಿತ್ರೆಯೂ ಅಷ್ಟಕ್ಕಷ್ಟೇ. ವೇಡ್ ಡೇವಿಸ್‌ಗೆ ರಾಕೀಸ್ 3 ವರ್ಷಕ್ಕೆ 5.2 ಕೋಟಿ ಕೊಟ್ಟರು. 2018ರಲ್ಲಿ 43 ಸೇವ್ ಮಾಡಿದ, 2019ರಲ್ಲಿ ಅವನ ಇಆರ್‌ಎ 8.65. ಅದೇ 2019ರಲ್ಲಿ ಸೀಸನ್ ನಡುವೆ ಕಬ್ಸ್ ಸೇರಿದ ಕಿಂಬ್ರಲ್‌ದು 6.53. ಜಾಶ್ ಹೇಡರ್‌ಗೆ ಆಸ್ಟ್ರೋಸ್ 5 ವರ್ಷಕ್ಕೆ 9.5 ಕೋಟಿ ಕೊಟ್ಟರು. ಚೆನ್ನಾಗಿಯೇ ಆಡಿದ, ಆದರೆ 2025ರ ಆಗಸ್ಟ್‌ನಲ್ಲಿ ಭುಜ ಕೈಕೊಟ್ಟಿತು. ವರ್ಷಕ್ಕೆ 60 ಇನ್ನಿಂಗ್ಸ್ ಅನ್ನುವುದು ಬಹಳ ಸಣ್ಣ ಲೆಕ್ಕ. ನಾಲ್ಕು ಕೆಟ್ಟ ರಾತ್ರಿಗಳು ಸಾಕು, ಇಡೀ ವರ್ಷದ ಅಂಕಿ ಹಾಳಾಗುತ್ತದೆ. ಅದೇ ಕಾರಣಕ್ಕೆ ನಾಲ್ಕು ಒಳ್ಳೆಯ ರಾತ್ರಿಗಳಿಂದ ಮರುಳಾಗಿ ದುಡ್ಡು ಸುರಿಯುವವರೂ ಇದ್ದಾರೆ.

ಹೊಸಬ, ಬೆಂಗಳೂರು

2025ರ ಅಕ್ಟೋಬರ್‌ನಿಂದ ನೋಡ್ತಿದ್ದೀನಿ, ತಪ್ಪು ಕೇಳಿದ್ರೆ ಬೈಬೇಡಿ. ಗೇಮ್ 3 ಇಲ್ಲಿ ಬೆಳಿಗ್ಗೆ ಐದೂವರೆಗೆ ಶುರುವಾಗಿ ಮಧ್ಯಾಹ್ನ ಊಟದ ಹೊತ್ತಿಗೆ ಮುಗೀತು. ಆವತ್ತೇ ಹುಚ್ಚು ಹಿಡಿದಿದ್ದು. ಗೇಮ್ 7 ನವೆಂಬರ್ 2ರ ಬೆಳಿಗ್ಗೆ, ಅದೇ ದಿನ ಸಂಜೆ ನಮ್ಮ ಹೆಣ್ಮಕ್ಕಳ ವರ್ಲ್ಡ್ ಕಪ್ ಫೈನಲ್. ಆ ಭಾನುವಾರ ಮನೇಲಿ ಇನ್ನೇನೂ ಕೆಲಸ ಆಗಲಿಲ್ಲ.

ನನ್ನ ಪ್ರಶ್ನೆ. ಸ್ಟಾರ್ಟರ್‌ಗಳೇ ಅಷ್ಟು ಚೆನ್ನಾಗಿ ಮಾಡೋದಾದ್ರೆ ರಿಲೀವರ್ ಯಾಕೆ ಬೇಕು? ಯಮಾಮೊಟೊನ ಪ್ರತಿಸಲ ಕೊನೇಲಿ ಕರೆದ್ರೆ ಆಯ್ತಲ್ಲ? ಡೆತ್ ಓವರ್‌ಗೆ ಬುಮ್ರಾನ ಉಳಿಸಿಕೊಳ್ಳೋ ಹಾಗೆ?

ಸ್ಕೋರ್‌ಬುಕ್

ಒಳ್ಳೆಯ ಪ್ರಶ್ನೆ. ಬುಮ್ರಾ ನಾಲ್ಕು ಓವರ್‌ನಲ್ಲಿ ಎರಡನ್ನು ಮೊದಲು ಹಾಕಿ, ಫೀಲ್ಡಿಂಗ್ ಮಾಡಿ, ಮತ್ತೆ ಬಂದು ಎರಡು ಹಾಕಬಹುದು. ಇಲ್ಲಿ ಒಮ್ಮೆ ಪಂದ್ಯದಿಂದ ಹೊರಗೆ ಹೋದ ಪಿಚ್ಚರ್ ಮತ್ತೆ ಬರುವಂತಿಲ್ಲ. ಜೊತೆಗೆ 162 ಪಂದ್ಯ, ಹೆಚ್ಚುಕಡಿಮೆ ದಿನಾ ಆಟ. ಸ್ಟಾರ್ಟರ್ ಒಬ್ಬ 90-100 ಎಸೆತ ಹಾಕಿದರೆ ಐದಾರು ದಿನ ಕೈಗೆ ವಿಶ್ರಾಂತಿ. ಯಮಾಮೊಟೊ ಗೇಮ್ 6ರಲ್ಲಿ 96 ಎಸೆತ ಹಾಕಿ, ಮರುರಾತ್ರಿಯೇ ಗೇಮ್ 7ರಲ್ಲಿ 34 ಹಾಕಿದ. ಮಾರನೆಯ ದಿನ ಆಟವೇ ಇಲ್ಲ ಅಂತ ಗೊತ್ತಿದ್ದದ್ದಕ್ಕೆ ಅದು ನಡೆಯಿತು. ಜೂನ್ ತಿಂಗಳ ಮಂಗಳವಾರ ಹಾಗೆ ಮಾಡಿದರೆ ಜುಲೈನಲ್ಲಿ ಅವನು ಆಪರೇಷನ್ ಟೇಬಲ್ ಮೇಲೆ.

ಹಾಗಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದ ಬುಲ್‌ಪೆನ್ ಬೇರೆ, ಅಕ್ಟೋಬರ್‌ಗೆ ಬೇಕಾದದ್ದು ಬೇರೆ. ಮೊದಲನೆಯದಕ್ಕೆ ತಲೆ ಎಣಿಕೆ ಬೇಕು, ಎರಡನೆಯದಕ್ಕೆ ನಂಬಿಕೆಯ ನಾಲ್ಕು ಕೈ ಸಾಕು.

ನೀಲಿ ಟೋಪಿ

ಇದನ್ನೇ ನಾನು ಹೇಳಹೊರಟಿದ್ದು. ತಲೆ ಎಣಿಕೆ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ರೋಸ್ಟರ್ ನಿಯಮ ನೋಡಬೇಕು.

26 ಜನರ ತಂಡದಲ್ಲಿ ಪಿಚ್ಚರ್‌ಗಳು 13ಕ್ಕಿಂತ ಜಾಸ್ತಿ ಇರುವಂತಿಲ್ಲ. ನಿನ್ನೆ ರಾತ್ರಿ ನಾಲ್ವರು ರಿಲೀವರ್‌ಗಳು ಸುಸ್ತಾದರೆ ಇವತ್ತು ಒಬ್ಬನನ್ನು ಒಕ್ಲಹೋಮ ಸಿಟಿಯಲ್ಲಿರುವ ನಮ್ಮ ಕೆಳಗಿನ ದರ್ಜೆಯ ತಂಡಕ್ಕೆ ಕಳಿಸಿ, ಅಲ್ಲಿಂದ ತಾಜಾ ಕೈಯವನನ್ನು ಕರೆಸಬೇಕು. ಆದರೆ ಹಾಗೆ ಕಳಿಸಲು ಅವನ ಹತ್ತಿರ ಆಪ್ಷನ್ (ಕೆಳಗೆ ಕಳಿಸಲು ನಿಯಮ ಕೊಡುವ ಅವಕಾಶ) ಉಳಿದಿರಬೇಕು. ಕಳಿಸಿದ ಪಿಚ್ಚರ್ 15 ದಿನ ಅಲ್ಲೇ ಇರಬೇಕು, ಬೇರೆ ಯಾರಿಗಾದರೂ ಗಾಯವಾದರೆ ಮಾತ್ರ ಬೇಗ ಕರೆಸಬಹುದು. ಒಬ್ಬನನ್ನು ಸೀಸನ್‌ನಲ್ಲಿ ಐದು ಸಲಕ್ಕಿಂತ ಹೆಚ್ಚು ಹೀಗೆ ಓಡಾಡಿಸುವ ಹಾಗಿಲ್ಲ.

ಈಗ ನೋಡಿ: ಡಿಯಾಸ್, ಸ್ಕಾಟ್, ಟ್ರೈನನ್ ಮೂವರನ್ನೂ ಎಲ್ಲಿಗೂ ಕಳಿಸುವಂತಿಲ್ಲ. ಚೆನ್ನಾಗಿ ಆಡಲಿ ಬಿಡಲಿ, ಮೂರು ಕುರ್ಚಿ ಅವರಿಗೆ ಕಾಯಂ. ಹೋದ ವರ್ಷ ಆಗಿದ್ದೂ ಇದೇ. ಅನುಭವಿಗಳಲ್ಲಿ ಒಬ್ಬೊಬ್ಬರೇ ಗಾಯದ ಪಟ್ಟಿಗೆ ಹೋದರು. ಇವಾನ್ ಫಿಲಿಪ್ಸ್‌ಗೆ ಮೊಣಕೈ ಶಸ್ತ್ರಚಿಕಿತ್ಸೆ, ಗ್ರಾಟೆರಾಲ್ ಇಡೀ ವರ್ಷ ಇಲ್ಲ, ಕೊಪೆಕ್ ಬಹುಪಾಲು ಹೊರಗೆ. ಉಳಿದ ಹೊರೆಯನ್ನು ಹೊತ್ತದ್ದು ಜ್ಯಾಕ್ ಡ್ರೈಯರ್, ಬೆನ್ ಕ್ಯಾಸ್ಪೇರಿಯಸ್‌ನಂಥ ಹುಡುಗರು. ಡ್ರೈಯರ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ಅವನ ಇಆರ್‌ಎ 2.95. ಅವನ ಸಂಬಳ ಸ್ಕಾಟ್ ಸಂಬಳದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಓಟಾನಿ ‘ಟೂ-ವೇ’ (ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ) ಆಟಗಾರ, ಆ 13ರ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಮಗೆ 14 ಪಿಚ್ಚರ್‌ಗಳು. ಈ ಅನುಕೂಲ ಡಿಯಾಸ್‌ಗಿಂತ ದೊಡ್ಡದು ಅಂತ ನನ್ನ ಗಟ್ಟಿ ನಂಬಿಕೆ.

ಧಾರವಾಡದ ಲೆಫ್ಟಿ

> ಈ ಅನುಕೂಲ ಡಿಯಾಸ್‌ಗಿಂತ ದೊಡ್ಡದು

ಏ ಬಿಡೋ ಮಾರಾಯಾ. ಓಟಾನಿ 2025ರಾಗೂ ಇದ್ದ. ಜೂನ್‌ದಾಗ ಪಿಚಿಂಗ್ ಶುರು ಮಾಡಿದ. ಆದ್ರೂ ಸೆಪ್ಟೆಂಬರ್‌ದಾಗ ಬಾಲ್ಟಿಮೋರ್‌ನ್ಯಾಗ ನಮ್ಮ ಮಾನ ಹೋತಲ್ಲ. ಅಷ್ಟ ಮಂದಿ ಇದ್ದು ಒಂದು ಔಟ್ ಸಿಗಲಿಲ್ಲ ಅಂದ್ರ ತಲೀ ಎಣಿಸಿ ಏನ ಮಾಡೂದು?

ಆರನೇ ಇನ್ನಿಂಗ್ಸ್ (ಸ್ಯಾನ್ ಹೋಸೆ)

ನಿಮ್ಮ ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಅಭಿಮಾನಿ, ಕಲ್ಲು ಹೊಡೆಯಬೇಡಿ.

ನನ್ನ ಹೆಸರೇ ಹೇಳುವ ಹಾಗೆ ನನಗೆ ಒಂಬತ್ತಕ್ಕಿಂತ ಆರನೇ ಇನ್ನಿಂಗ್ಸ್ ಮುಖ್ಯ. ವರ್ಲ್ಡ್ ಸೀರೀಸ್ ಗೇಮ್ 1 ನೆನಪಿಸಿಕೊಳ್ಳಿ. ಸ್ನೆಲ್ ಆರನೇ ಇನ್ನಿಂಗ್ಸ್‌ನಲ್ಲಿ ಬೇಸ್ ತುಂಬಿಸಿಟ್ಟು ಹೊರಗೆ ನಡೆದ. ಶೀಹನ್ ಬಂದ, ನಿಲ್ಲಲಿಲ್ಲ. ಆ್ಯಂಥನಿ ಬಾಂಡಾ ಬಂದ, ಟೊರಾಂಟೊದ ಬಾರ್ಜರ್ ಪಿಂಚ್ ಹಿಟ್ಟರ್ (ಬದಲಿ ಬ್ಯಾಟರ್) ಆಗಿ ಬಂದು ನಾಲ್ಕು ರನ್ನಿನ ಗ್ರ್ಯಾಂಡ್ ಸ್ಲಾಮ್ ಹೊಡೆದ. ಒಂದೇ ಇನ್ನಿಂಗ್ಸ್‌ನಲ್ಲಿ 9 ರನ್. 11-4. ಆವತ್ತು ಡಿಯಾಸ್ ಇದ್ದಿದ್ದರೆ ಏನು ಮಾಡುತ್ತಿದ್ದ? ಬುಲ್‌ಪೆನ್‌ನಲ್ಲಿ ಕೂತು ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ.

2020ರಿಂದ ಮೂರು ಬ್ಯಾಟರ್ ನಿಯಮವೂ ಇದೆ. ಬಂದವನು ಕನಿಷ್ಠ ಮೂವರನ್ನು ಎದುರಿಸಬೇಕು ಅಥವಾ ಇನ್ನಿಂಗ್ಸ್ ಮುಗಿಸಬೇಕು. ಒಬ್ಬ ಎಡಗೈ ಬ್ಯಾಟರ್‌ಗೆ ಒಬ್ಬ ಎಡಗೈ ಪಿಚ್ಚರ್ ಅಂತ ಕರೆದು ವಾಪಸ್ ಕಳಿಸುವ ಕಾಲ ಹೋಯಿತು. ನಡುವಿನ ಇನ್ನಿಂಗ್ಸ್‌ನಲ್ಲಿ ಎಡ ಬಲ ಎರಡನ್ನೂ ಸಂಭಾಳಿಸುವವನು ಬೇಕು. ಆ ಜಾತಿಯವರಿಗೆ ಸೇವ್ ಸಿಗುವುದಿಲ್ಲ, ಹೆಸರಿಲ್ಲ, ಸಂಬಳವೂ ಕಡಿಮೆ.

ಟೊರಾಂಟೊದವರು ಈ ಸಲ ತಂದವನನ್ನು ನೋಡಿ. ಸ್ಟಾರ್ಟರ್ ಡಿಲನ್ ಸೀಸ್‌ಗೆ 7 ವರ್ಷ, 21 ಕೋಟಿ ಅಂತ ಸುದ್ದಿಯಾಯಿತು. ನನಗೆ ಇಷ್ಟವಾಗಿದ್ದು ಟೈಲರ್ ರಾಜರ್ಸ್, 3 ವರ್ಷ, 3.7 ಕೋಟಿ. ಬಹಳ ವರ್ಷ ನಮ್ಮವನಾಗಿದ್ದ. ಬೆರಳು ನೆಲ ಸವರುವ ಹಾಗೆ ಕೆಳಗಿನಿಂದ ಎಸೆಯುತ್ತಾನೆ, ವೇಗ ಗಂಟೆಗೆ 83 ಮೈಲಿ ಇರಬಹುದು. ಎಲ್ಲರೂ 98 ಹಾಕುವ ಲೀಗ್‌ನಲ್ಲಿ ಆ ನಿಧಾನವೇ ಬ್ಯಾಟರ್‌ಗೆ ತಲೆನೋವು. ದಿನಾ ಕರೆದರೂ ದಿನಾ ಬರುತ್ತಾನೆ.

ಕ್ವೀನ್ಸ್ ಕನ್ನಡತಿ

ರಾಜರ್ಸ್ ಜುಲೈನಿಂದ ನಮ್ಮವನೂ ಆಗಿದ್ದ ಸರ್, ಡೆಡ್‌ಲೈನ್ (ಆಟಗಾರರ ಅದಲುಬದಲಿಗೆ ಕೊನೇ ದಿನ) ಹೊತ್ತಿಗೆ ನೀವೇ ನಮಗೆ ಮಾರಿದ್ದು. ಚೆನ್ನಾಗಿಯೇ ಎಸೆದ. ನಾವು ಮಾತ್ರ ಪ್ಲೇಆಫ್‌ಗೇ ಹೋಗಲಿಲ್ಲ. ಡಿಯಾಸ್ ಇದ್ದ, ರಾಜರ್ಸ್ ಇದ್ದ, ಹೆಲ್ಸ್‌ಲಿಯನ್ನೂ ತಂದಿದ್ದೆವು. ಅವನಂತೂ ಬಂದ ದಿನದಿಂದ ಬೆಂಕಿಗೆ ತುಪ್ಪ ಹಾಕಿದ. ನಮ್ಮ ಸ್ಟಾರ್ಟರ್‌ಗಳು ಐದು ಇನ್ನಿಂಗ್ಸ್ ದಾಟದೆ ರಿಲೀವರ್‌ಗಳ ಬೆನ್ನು ಮುರಿದು ಹೋಗಿತ್ತು. ಬುಲ್‌ಪೆನ್ ಕೆಟ್ಟರೆ ಕೆಲವು ಸಲ ತಪ್ಪು ಬುಲ್‌ಪೆನ್‌ನದ್ದಲ್ಲ.

ಸ್ಕೋರ್‌ಬುಕ್

ಮೇಡಂ ಹೇಳಿದ್ದು ಡಾಡ್ಜರ್ಸ್‌ಗೂ ಅನ್ವಯಿಸುತ್ತದೆ. 2025ರ ಮೊದಲಾರ್ಧದಲ್ಲಿ ಸ್ನೆಲ್, ಗ್ಲಾಸ್‌ನೌ, ಸಸಾಕಿ ಮೂವರೂ ಗಾಯದ ಪಟ್ಟಿಯಲ್ಲಿ. ಓಟಾನಿ ವಾಪಸ್ ಬಂದಾಗ ಒಂದು, ಎರಡು, ಮೂರು ಇನ್ನಿಂಗ್ಸ್ ಅಂತ ಮೆಟ್ಟಿಲು ಹತ್ತುತ್ತಿದ್ದ. ಉಳಿದ ಆರು ಇನ್ನಿಂಗ್ಸ್ ಯಾರ ತಲೆಗೆ? ಸೆಪ್ಟೆಂಬರ್‌ಗೆ ಆ ಕೈಗಳು ಸತ್ತಿದ್ದರೆ ಆಶ್ಚರ್ಯವಿಲ್ಲ. ಅಕ್ಟೋಬರ್‌ನಲ್ಲಿ ಸ್ನೆಲ್ ಮಿಲ್ವಾಕೀ ಮೇಲೆ 8 ಇನ್ನಿಂಗ್ಸ್, ಮರುದಿನ ಯಮಾಮೊಟೊ ಪೂರ್ತಿ 9. ಬುಲ್‌ಪೆನ್ ಚೆನ್ನಾಯಿತು ಅಂದುಕೊಂಡರು ಜನ. ಬುಲ್‌ಪೆನ್ ಬಾಗಿಲು ತೆರೆದದ್ದೇ ಅಪರೂಪ, ಅಷ್ಟೇ.

ರೋಕಿ ಸಸಾಕಿ ವಿಷಯವೂ ಇಲ್ಲೇ ಬರುತ್ತದೆ. ಸ್ಟಾರ್ಟರ್ ಆಗಿ ತಡವರಿಸಿದ, ಭುಜ ನೋವು, ಸೀಸನ್ ಮುಗಿಯುವ ಹೊತ್ತಿಗೆ ರಿಲೀವರ್ ಆಗಿ ವಾಪಸ್. ಫಿಲಡೆಲ್ಫಿಯಾ ಮೇಲೆ ಗೇಮ್ 4ರಲ್ಲಿ ಮೂರು ಇನ್ನಿಂಗ್ಸ್, ಒಂಬತ್ತು ಜನ, ಒಬ್ಬನೂ ಬೇಸ್ ಮುಟ್ಟಲಿಲ್ಲ. ಡಿಯಾಸ್ ಬಂದದ್ದರ ನಿಜವಾದ ಲಾಭ ಇದು ಅನ್ನಿಸುತ್ತದೆ: ಸಸಾಕಿಯನ್ನು ಮತ್ತೆ ಸ್ಟಾರ್ಟರ್ ಮಾಡಬಹುದು. ಕ್ಲೋಸರ್ ಒಬ್ಬನನ್ನು ಕೊಂಡದ್ದರಿಂದ ಸ್ಟಾರ್ಟರ್ ಒಬ್ಬ ಸಿಕ್ಕಿದ ಹಾಗೆ.

ನೀಲಿ ಟೋಪಿ

ಈ ಕೋನದಿಂದ ನೋಡಿದರೆ ದುಡ್ಡಿಗೆ ಸ್ವಲ್ಪ ಅರ್ಥ ಬರುತ್ತದೆ, ಒಪ್ಪುತ್ತೇನೆ. ಆದರೆ ಆಗಲೂ ಲೆಕ್ಕ ನಿಲ್ಲುವುದು ಸ್ಟಾರ್ಟರ್‌ಗಳ ಮೇಲೆಯೇ. ಯಮಾಮೊಟೊ, ಸ್ನೆಲ್, ಗ್ಲಾಸ್‌ನೌ, ಓಟಾನಿ, ಸಸಾಕಿ, ಶೀಹನ್, ಆರು ಜನ. ಇಡೀ 2025 ಆಡದ ಗ್ಯಾವಿನ್ ಸ್ಟೋನ್, ರಿವರ್ ರಯಾನ್ ಶಸ್ತ್ರಚಿಕಿತ್ಸೆಯಿಂದ ವಾಪಸ್ ಬರುತ್ತಿದ್ದಾರೆ. ರೊಬ್ಲೆಸ್ಕಿ ಎರಡೂ ಕಡೆ ಸಲ್ಲುತ್ತಾನೆ. ಇವರಲ್ಲಿ ಏಳನೆಯವನು, ಎಂಟನೆಯವನು ನಡುವಿನ ಇನ್ನಿಂಗ್ಸ್‌ಗೆ ಇಳಿಯಲಿ. ಒಳ್ಳೆಯ ರಿಲೀವರ್‌ಗಳಲ್ಲಿ ಅರ್ಧಕ್ಕರ್ಧ ಜನ ಸ್ಟಾರ್ಟರ್ ಆಗಲಾರದೆ ಬಂದವರು. 2014ರಲ್ಲಿ ಇಆರ್‌ಎ 1.00 ಇಟ್ಟ ರಾಯಲ್ಸ್‌ನ ವೇಡ್ ಡೇವಿಸ್ ಸೋತ ಸ್ಟಾರ್ಟರ್. ಮರಿಯಾನೊ ರಿವೇರಾ ಕೂಡ 1995ರಲ್ಲಿ ಸ್ಟಾರ್ಟರ್ ಆಗಿಯೇ ಬಂದಿದ್ದ.

ಮತ್ತೆ ವಿಲ್ ಕ್ಲೈನ್. ಜೂನ್‌ನಲ್ಲಿ ಸಿಯಾಟಲ್‌ನಿಂದ ಬಂದಾಗ ಯಾರಾದರೂ ತಿರುಗಿ ನೋಡಿದಿರಾ? ಗೇಮ್ 3ರಲ್ಲಿ ಬುಲ್‌ಪೆನ್‌ನ ಕೊನೆಯ ಕೈ ಅವನದು. 15ರಿಂದ 18ನೇ ಇನ್ನಿಂಗ್ಸ್‌ವರೆಗೆ ನಾಲ್ಕು ಇನ್ನಿಂಗ್ಸ್, 72 ಎಸೆತ, ಸೊನ್ನೆ ರನ್. ವೃತ್ತಿಯಲ್ಲಿ ಎಂದೂ ಅಷ್ಟು ಹಾಕಿರಲಿಲ್ಲ. ಅವನಾದ ಮೇಲೆ ಇನ್ಯಾರೂ ಇಲ್ಲ ಅಂತ ಎರಡು ದಿನದ ಹಿಂದಷ್ಟೇ ಪೂರ್ತಿ ಒಂಬತ್ತು ಇನ್ನಿಂಗ್ಸ್ ಹಾಕಿದ್ದ ಯಮಾಮೊಟೊ ಬುಲ್‌ಪೆನ್‌ಗೆ ಹೋಗಿ ಕೈ ಬೀಸುತ್ತಿದ್ದ. ಅಷ್ಟರಲ್ಲಿ ನಮ್ಮ ಬ್ಯಾಟರ್ ಫ್ರೀಮನ್ ಹೋಮ್ ರನ್ ಹೊಡೆದು ಮುಗಿಸಿದ. ಅಂಥ ಇನ್ನೂ ಇಬ್ಬರು ಕ್ಲೈನ್‌ಗಳನ್ನು ಹುಡುಕಿ ತಂದರೆ ನಾನು ತಂಡ ಕಟ್ಟುವ ಮುಖ್ಯಸ್ಥ ಫ್ರೀಡ್‌ಮನ್‌ಗೆ ಕೈ ಮುಗಿಯುತ್ತೇನೆ.

ಹೊಸಬ, ಬೆಂಗಳೂರು

ಅಂದ್ರೆ ಆರ್‌ಸಿಬಿ ಕಥೆ ಥರಾನೇ. ಇಷ್ಟು ವರ್ಷ ದುಡ್ಡೆಲ್ಲ ಬ್ಯಾಟಿಂಗ್‌ಗೆ ಸುರಿದ್ವಿ. ಹೇಜಲ್‌ವುಡ್‌ಗೆ 12.5 ಕೋಟಿ, ಭುವಿಗೆ 10.75 ಕೋಟಿ ಕೊಟ್ಟ ವರ್ಷ ಕಪ್ ಬಂತು.

ಧಾರವಾಡದ ಲೆಫ್ಟಿ

ಅದನ್ನ ನಾನೂ ಹೇಳಾಕತ್ತಿದ್ದು ತಮ್ಮಾ! ಕಡೀಕ ಬೌಲರ್‌ಗೆ ರೊಕ್ಕ ಕೊಡಬೇಕು. ನೀಲಿ ಟೋಪಿ ಅಣ್ಣಾರು ಅಗ್ಗದ ಹುಡುಗರನ್ನ ಹುಡುಕ್ರಿ ಅಂತಾರ. ಹುಡುಕ್ರಿ, ಬ್ಯಾಡ ಅಂದವರ್ಯಾರು? ರೊಕ್ಕ ಐತಿ ಅಂದ್ಮ್ಯಾಲ ಎರಡೂ ಮಾಡ್ರಿ.

ಸ್ಕೋರ್‌ಬುಕ್

ಒಂದು ವ್ಯತ್ಯಾಸ. ಆರ್‌ಸಿಬಿ ಭುವಿಗೆ ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ ಮಾಡಲೇಬೇಕು. ಡಾಡ್ಜರ್ಸ್‌ಗೆ ಆ ಕಟ್ಟು ಇಲ್ಲ. ಅದಕ್ಕೇ ಉಳಿದ ತಂಡಗಳ ಮಾಲೀಕರು ಹಲ್ಲು ಕಡಿಯುತ್ತಿದ್ದಾರೆ. ಆಟಗಾರರ ಜೊತೆಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಸಂಬಳಕ್ಕೆ ಮಿತಿ ಬೇಕು ಅನ್ನುವ ಕೂಗು ಈಗಲೇ ಎದ್ದಿದೆ. ಅದು ದೊಡ್ಡ ಜಗಳ, ಇಲ್ಲಿ ಬೇಡ.

ಆರನೇ ಇನ್ನಿಂಗ್ಸ್

ಇಲ್ಲಿ ಬೇಡ ಅಂದರೂ ಒಂದು ಮಾತು. ನೀವು ತಪ್ಪಾದ ರಿಲೀವರ್‌ಗೆ 7.2 ಕೋಟಿ ಕೊಟ್ಟರೆ ಮರುವರ್ಷ ಇನ್ನೊಬ್ಬನಿಗೆ 6.9 ಕೋಟಿ ಕೊಟ್ಟು ಮುಂದೆ ಹೋಗುತ್ತೀರಿ. ನಾವು ಹಾಗೆ ಎಡವಿದರೆ ಮೂರು ವರ್ಷ ಏಳುವುದಿಲ್ಲ. ನಿಮ್ಮ ಬುಲ್‌ಪೆನ್‌ನ ನಿಜವಾದ ಆಳ ನಿಮ್ಮ ತಿಜೋರಿ. ಇದನ್ನು ಹೊಟ್ಟೆಕಿಚ್ಚು ಅಂತಲೇ ಓದಿಕೊಳ್ಳಿ, ಬೇಜಾರಿಲ್ಲ.

ನೀಲಿ ಟೋಪಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಹೌದು.

ಸರಿ, ಪಂಥ ಕಟ್ಟೋಣ. 1998ರಿಂದ 2000ದವರೆಗೆ ಯಾಂಕೀಸ್ ಆದ ಮೇಲೆ ಸತತ ಮೂರು ಕಪ್ ಯಾರೂ ಗೆದ್ದಿಲ್ಲ, ಅವರಿಗಂತೂ ರಿವೇರಾ ಇದ್ದ. ನಮಗೆ ಡಿಯಾಸ್ ಇದ್ದಾನೆ ಅನ್ನುತ್ತೀರಿ. ನನ್ನ ಭವಿಷ್ಯ: ಡಿಯಾಸ್ 30 ಸೇವ್ ದಾಟುತ್ತಾನೆ. ಆದರೂ ಆಗಸ್ಟ್ ಮೊದಲಿಗೆ ಡೆಡ್‌ಲೈನ್ ಬಂದಾಗ ಫ್ರೀಡ್‌ಮನ್ ಮತ್ತೆ ರಿಲೀವರ್ ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಅಲೆಯಲಿಲ್ಲ ಅಂದರೆ ಲೆಫ್ಟಿಯವರಿಗೆ ಡಾಡ್ಜರ್ ಸ್ಟೇಡಿಯಂ ಟಿಕೆಟ್, ಪಾರ್ಕಿಂಗ್ ಖರ್ಚು ಸಮೇತ ನನ್ನದು.

ಧಾರವಾಡದ ಲೆಫ್ಟಿ

ಪಾರ್ಕಿಂಗ್ ಸಮೇತ ಅಂದ್ರ ಟಿಕೆಟ್‌ಕಿಂತ ಅದ ತುಟ್ಟಿ. ಒಪ್ಪೀನ್ರಿ. ಎಲ್ಲಾರೂ ಸಾಕ್ಷಿ.

ಕ್ವೀನ್ಸ್ ಕನ್ನಡತಿ

ಸಾಕ್ಷಿ ನಾನಿದ್ದೀನಿ. ಮೆಟ್ಸ್ ಜೊತೆ ಪಂದ್ಯ ಇರೋ ದಿನದ ಟಿಕೆಟ್ ತಗೊಳ್ಳಿ, ನಮ್ಮ ಬ್ಯಾಟರ್ ಲಿಂಡೋರ್ ಡಿಯಾಸ್‌ಗೆ ಹೊಡೆಯೋದನ್ನ ಕಣ್ಣಾರೆ ನೋಡಬಹುದು.